ಕೈ ಎತ್ತುವ ಮುನ್ನ: ನಮ್ಮ ಶಾಸಕರ ಮತವನ್ನು ಓದಿಕೊಳ್ಳುವ ಬಗೆ

ಚಳಿಗಾಲ ಬಂತೆಂದರೆ ಬೆಳಗಾವಿಯ ರಸ್ತೆಗಳಲ್ಲಿ ಎರಡು ಸಾಲುಗಳು ಕಾಣಿಸುತ್ತವೆ. ಒಂದು, ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳದು. ಇನ್ನೊಂದು, ಹಲಗಾ ಬಳಿಯ ಸುವರ್ಣ ವಿಧಾನಸೌಧದ ಕಡೆಗೆ ಹೊರಟ ಗೂಟದ ಕಾರುಗಳದು. 2012ರ ಅಕ್ಟೋಬರ್ 11ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಆ ಕಟ್ಟಡದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲಿ ರಾಜಕೀಯದ ಮಾತು ಬೀದಿಬೀದಿಯಲ್ಲೂ ಕೇಳಿಬರುತ್ತದೆ, ಮತ್ತು ಆ ಮಾತು ಕೊನೆಗೆ ಬಂದು ನಿಲ್ಲುವುದು ಬಹುತೇಕ ಒಂದೇ ಪ್ರಶ್ನೆಗೆ: ಊರಿನಲ್ಲಿ ಹಾಗೆ ಮಾತಾಡಿದ ನಮ್ಮ ಸಾಹೇಬರು ಸದನದಲ್ಲಿ ಯಾಕೆ ಹೀಗೆ ಕೈ ಎತ್ತಿದರು?

ಈ ಪ್ರಶ್ನೆಗೆ ಜನ ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರಗಳು ಎರಡೇ. ಒಂದೋ ಅವರು ಮಾರಿಕೊಂಡರು, ಇಲ್ಲವೇ ಅವರು ಹೆದರಿದರು. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಹೆಚ್ಚಿನ ಸಲ ಎರಡೂ ಅಲ್ಲ. ಮತ ಸದನದಲ್ಲಿ ಬೀಳುತ್ತದೆ, ತೀರ್ಮಾನ ಅದಕ್ಕೂ ಬಹಳ ಮೊದಲೇ ಬೇರೆ ಕೋಣೆಯಲ್ಲಿ ಆಗಿರುತ್ತದೆ. ಆ ಕೋಣೆ ಯಾವುದು, ಅಲ್ಲಿ ಯಾರ ಮಾತು ನಡೆಯಿತು, ನಮ್ಮ ಪ್ರತಿನಿಧಿಗೆ ಅಲ್ಲಿ ಎಷ್ಟು ಜಾಗವಿತ್ತು ಎಂಬುದನ್ನು ಪತ್ತೆ ಹಚ್ಚುವ ಕ್ರಮವೊಂದನ್ನು ಇಲ್ಲಿ ಹೇಳಲಿದ್ದೇನೆ. ಬೆಳಗಾವಿ ಜಿಲ್ಲೆಯ 18, ಬಾಗಲಕೋಟೆಯ 7, ವಿಜಯಪುರದ 8, ಹೀಗೆ 224ರ ಸದನದಲ್ಲಿ ನಮ್ಮ ಮೂರು ಜಿಲ್ಲೆಗಳ ಪಾಲು 33. ಉದಾಹರಣೆಗಳಿಗಾಗಿ ದೂರ ಹೋಗಬೇಕಾದ ಅಗತ್ಯವೇ ಬೀಳದಷ್ಟು ಈ ಮೂವತ್ತಮೂರರಲ್ಲಿ ಕಥೆಗಳಿವೆ.

ಮೊದಲ ಹೆಜ್ಜೆ: ಮತ ಯಾವ ಬಗೆಯದು ಎಂದು ನೋಡಿ

ಶಾಸಕರು ಪರವಾಗಿ ಮತ ಹಾಕಿದರು ಎಂದು ಪತ್ರಿಕೆಯಲ್ಲಿ ಓದಿದ ಕೂಡಲೇ ಕೇಳಿಕೊಳ್ಳಬೇಕಾದದ್ದು, ನಿಜಕ್ಕೂ ಮತ ಹಾಕಿದರೇ ಎಂದು. ನಮ್ಮ ವಿಧಾನಸಭೆಯಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಪೀಠದಲ್ಲಿರುವ ಸಭಾಧ್ಯಕ್ಷರು ಪ್ರಸ್ತಾವವನ್ನು ಓದುತ್ತಾರೆ, ಒಂದು ಕಡೆಯಿಂದ ಹೌದು ಎಂಬ ಸದ್ದು, ಇನ್ನೊಂದು ಕಡೆಯಿಂದ ಇಲ್ಲ ಎಂಬ ಸದ್ದು. ಯಾವ ಸದ್ದು ದೊಡ್ಡದು ಎಂದು ಪೀಠ ಹೇಳಿದರೆ ಮುಗಿಯಿತು. ಸದಸ್ಯರೊಬ್ಬರು ಬಾಯಿ ತೆರೆದರೋ ಇಲ್ಲವೋ, ಆ ಹೊತ್ತಿಗೆ ಸದನದಲ್ಲಿದ್ದರೋ ಮೊಗಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರೋ, ಯಾವುದಕ್ಕೂ ದಾಖಲೆ ಇರುವುದಿಲ್ಲ. 2021ರ ಡಿಸೆಂಬರ್ 23ರಂದು ಬೆಳಗಾವಿಯ ಅಧಿವೇಶನದಲ್ಲಿಯೇ ಮತಾಂತರ ನಿಷೇಧ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆದದ್ದು ಹೀಗೆ, ವಿರೋಧ ಪಕ್ಷದವರ ಗದ್ದಲದ ನಡುವೆ, ಧ್ವನಿಮತದಲ್ಲಿ. ಅಷ್ಟು ಚರ್ಚೆಗೆ ಕಾರಣವಾದ ಮಸೂದೆಗೂ ಹೆಸರುವಾರು ಮತಪಟ್ಟಿ ಎಂಬುದು ಇಲ್ಲ.

ಹೆಸರು ಅಥವಾ ತಲೆ ಎಣಿಕೆಯಾಗುವುದು ಮತ ವಿಭಜನೆಗೆ ಯಾರಾದರೂ ಒತ್ತಾಯಿಸಿದಾಗ. ವಿಶ್ವಾಸಮತದ ಸಂದರ್ಭದಲ್ಲಿ ಇದು ಸಹಜವಾಗಿ ನಡೆಯುತ್ತದೆ: ಸದಸ್ಯರನ್ನು ಸಾಲು ಸಾಲಾಗಿ ನಿಲ್ಲಿಸಿ ಸಿಬ್ಬಂದಿ ಎಣಿಸುತ್ತಾರೆ. ಆದ್ದರಿಂದ ಪಕ್ಷನಿಷ್ಠೆಯ ನಿಜವಾದ ಪರೀಕ್ಷೆ ಕಾಣಬೇಕಾದರೆ ವಿಭಜನೆಯಾದ ಮತಗಳನ್ನು ಮಾತ್ರ ನೋಡಬೇಕು. ಉಳಿದ ಕಡೆ ಮೌನವನ್ನು ಒಪ್ಪಿಗೆ ಎಂದೂ ಗದ್ದಲವನ್ನು ವಿರೋಧ ಎಂದೂ ಓದಿಕೊಳ್ಳಬೇಕಾಗುತ್ತದೆ, ಅದು ಅರ್ಧ ಊಹೆ.

ಇನ್ನು ಕೆಲವು ವಿಷಯಗಳಲ್ಲಿ ಮತದ ಪ್ರಶ್ನೆಯೇ ಏಳುವುದಿಲ್ಲ. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದೊಂದಿಗಿನ ಗಡಿ ತಕರಾರಿನ ಬಗ್ಗೆ ಇದೇ ಬೆಳಗಾವಿಯಲ್ಲಿ ಸದನ ಕೈಗೊಂಡ ನಿರ್ಣಯ ಸರ್ವಾನುಮತದ್ದು. ಇಂಥ ಕಡೆ ಪಕ್ಷದ ಹಗ್ಗ ಸಡಿಲಾಗಿರುತ್ತದೆ ಎನ್ನುವುದಕ್ಕಿಂತ, ಎಲ್ಲ ಪಕ್ಷಗಳ ಹಗ್ಗವೂ ಒಂದೇ ದಿಕ್ಕಿಗೆ ಎಳೆಯುತ್ತಿರುತ್ತದೆ ಎನ್ನುವುದು ಸರಿ.

ಎರಡನೆಯ ಹೆಜ್ಜೆ: ವಿಪ್ ಇತ್ತೇ, ಕೊಟ್ಟವರು ಯಾರು?

ವಿಪ್ ಎಂದರೆ ಪಕ್ಷವು ತನ್ನ ಶಾಸಕರಿಗೆ ಕೊಡುವ ಲಿಖಿತ ಆದೇಶ: ಇಂಥ ದಿನ ಸದನದಲ್ಲಿ ಹಾಜರಿರಬೇಕು, ಇಂಥ ಪ್ರಸ್ತಾವದ ಪರವಾಗಿ ಅಥವಾ ವಿರುದ್ಧವಾಗಿ ಮತ ಹಾಕಬೇಕು ಎಂದು. ಇದನ್ನು ಹೊರಡಿಸುವವರು ಮುಖ್ಯ ಸಚೇತಕರು. ಶಾಸಕರ ಕೈಗೆ ಮುಟ್ಟಿಸಿ ಸಹಿ ಪಡೆಯುವುದು ಹಳೆಯ ಪದ್ಧತಿ. ಸಿಗದವರ ಮನೆ ಬಾಗಿಲಿಗೆ ಅಂಟಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಈಚಿನದು. ಮುಟ್ಟಿತೋ ಇಲ್ಲವೋ ಎಂಬುದೇ ಮುಂದೆ ದೊಡ್ಡ ವಾದಕ್ಕೆ ಕಾರಣವಾಗುತ್ತದೆ, ಆದ್ದರಿಂದ ಬಾಗಿಲಿಗೆ ಅಂಟಿಸಿದ ಚೀಟಿಯ ಫೋಟೊ ಪತ್ರಿಕೆಯಲ್ಲಿ ಬಂದರೆ ಅದನ್ನು ತಮಾಷೆ ಎಂದು ಪುಟ ತಿರುಗಿಸಬಾರದು. ಅದು ಸಾಕ್ಷ್ಯವನ್ನು ಕೂಡಿಡುವ ಕೆಲಸ.

ಸಚೇತಕರು ಯಾರ ಬಾಯಿಯಾಗಿ ಮಾತಾಡುತ್ತಾರೆ ಎಂಬ ಪ್ರಶ್ನೆಗೆ ಬಹುಕಾಲ ಸ್ಪಷ್ಟ ಉತ್ತರವಿರಲಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಶಿವಸೇನೆ ಒಡೆದಾಗ ಎರಡೂ ಬಣಗಳು ಬೇರೆ ಬೇರೆ ವಿಪ್ ಹೊರಡಿಸಿದವು. ಆ ಪ್ರಕರಣದಲ್ಲಿ 2023ರ ಮೇ 11ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ಏನೆಂದರೆ, ಸಚೇತಕರನ್ನು ನೇಮಿಸುವ ಅಧಿಕಾರ ಇರುವುದು ರಾಜಕೀಯ ಪಕ್ಷಕ್ಕೆ, ಸದನದೊಳಗಿನ ಶಾಸಕಾಂಗ ಪಕ್ಷಕ್ಕಲ್ಲ. ಓದುವುದಕ್ಕೆ ತಾಂತ್ರಿಕವಾಗಿ ಕಂಡರೂ ಇದರ ಫಲ ದೊಡ್ಡದು. ಶಾಸಕರಲ್ಲಿ ಹೆಚ್ಚಿನವರು ಒಂದು ಕಡೆ ನಿಂತರೂ, ಅವರನ್ನು ಕಟ್ಟಿಹಾಕುವ ಆದೇಶ ಪಕ್ಷದ ಕಚೇರಿಯಿಂದಲೇ ಬರಬಹುದು. ವಿಪ್ ಹೊರಟಿದೆ ಎಂದು ಓದಿದಾಗ ಅದರ ಹಿಂದಿನ ತೀರ್ಮಾನ ಶಾಸಕಾಂಗ ಪಕ್ಷದ ಸಭೆಯಲ್ಲಿ ಚರ್ಚೆಯಾಗಿ ಬಂದದ್ದೋ, ಬೆಂಗಳೂರಿನ ನಾಯಕರದೋ, ದೆಹಲಿಯ ವರಿಷ್ಠರದೋ ಎಂದು ವಿಚಾರಿಸಿ.

ಮೂರನೆಯ ಹೆಜ್ಜೆ: ವಿಪ್ ಮೀರಿದರೆ ಏನು ಕಳೆದುಕೊಳ್ಳಬೇಕು ಎಂದು ತಿಳಿಯಿರಿ

1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಕೆಲವೇ ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದ ಮೇಲೆ ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ದೇಶದ ತುಂಬ ಹಬ್ಬಿತು. ಅದಕ್ಕೆ ಮದ್ದೆಂದು 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿ ಬಂತು, ಪಕ್ಷಾಂತರವನ್ನು ತಡೆಯುವ ಹತ್ತನೆಯ ಅನುಸೂಚಿ ಸೇರಿತು. ಇದರ ಪ್ರಕಾರ ಶಾಸಕರು ಸ್ಥಾನ ಕಳೆದುಕೊಳ್ಳುವ ದಾರಿಗಳು ಮುಖ್ಯವಾಗಿ ಎರಡು. ಪಕ್ಷದ ಸದಸ್ಯತ್ವವನ್ನು ತಾವಾಗಿಯೇ ಬಿಟ್ಟುಕೊಡುವುದು ಒಂದು. ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕುವುದು ಅಥವಾ ಮತದಾನದಿಂದ ದೂರ ಉಳಿಯುವುದು ಇನ್ನೊಂದು. ದೂರ ಉಳಿದರೂ ತಪ್ಪೇ ಎಂಬುದನ್ನು ಗಮನಿಸಿ: ‘ನಾನು ವಿರೋಧಿಸಲಿಲ್ಲವಲ್ಲ, ಸುಮ್ಮನಿದ್ದೆ’ ಎಂಬ ನಮ್ಮೂರಿನ ಜಾಣತನ ಇಲ್ಲಿ ನಡೆಯುವುದಿಲ್ಲ.

ಸದಸ್ಯತ್ವ ಬಿಟ್ಟುಕೊಡುವುದೆಂದರೆ ರಾಜೀನಾಮೆ ಪತ್ರ ಕೊಡುವುದು ಮಾತ್ರ ಎಂದು ತಿಳಿಯಬಾರದು. ನಡವಳಿಕೆಯಿಂದಲೇ ಅದು ತೀರ್ಮಾನವಾಗಬಹುದೆಂದು ಸುಪ್ರೀಂ ಕೋರ್ಟು 1994ರ ರವಿ ನಾಯಕ್ ಪ್ರಕರಣದಲ್ಲಿ ಹೇಳಿದೆ. ಮೂರರಲ್ಲಿ ಒಂದು ಪಾಲು ಶಾಸಕರು ಒಡೆದು ಹೊರಬಂದರೆ ಬಚಾವಾಗಲು ಮೊದಲು ಅವಕಾಶವಿತ್ತು. 2003ರ 91ನೆಯ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಉಳಿದಿರುವುದು ಇನ್ನೊಂದು ಪಕ್ಷದೊಂದಿಗೆ ವಿಲೀನವಾಗುವ ದಾರಿ, ಅದಕ್ಕೆ ಶಾಸಕಾಂಗ ಪಕ್ಷದ ಮೂರರಲ್ಲಿ ಎರಡು ಪಾಲು ಬೇಕು. ಅಂದರೆ ಒಬ್ಬಿಬ್ಬರು ಭಿನ್ನಮತ ತೋರಿದರೆ ಸ್ಥಾನ ಹೋಗುತ್ತದೆ, ದೊಡ್ಡ ಗುಂಪೇ ಹೋದರೆ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಕೊರೆ ಇದೇ: ತನ್ನ ಕ್ಷೇತ್ರದ ರೈತರ ಪರವಾಗಿ ಒಂದೇ ಒಂದು ಮಸೂದೆಯನ್ನು ವಿರೋಧಿಸುವ ಪ್ರಾಮಾಣಿಕ ಶಾಸಕನನ್ನೂ ಅಧಿಕಾರಕ್ಕಾಗಿ ಜಿಗಿಯುವವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಈ ಕೊರತೆ ನ್ಯಾಯಾಲಯಕ್ಕೂ ಕಾಣದೆ ಹೋಗಿರಲಿಲ್ಲ. 1992ರ ಕಿಹೋಟೊ ಹೊಲ್ಲೊಹನ್ ತೀರ್ಪು ಕಾನೂನನ್ನು ಎತ್ತಿಹಿಡಿಯಿತು, ಆದರೆ ಸ್ಥಾನ ಕಳೆಯುವಂಥ ಆದೇಶಗಳನ್ನು ಸರ್ಕಾರದ ಉಳಿವು ಅಳಿವಿನ ಮತಗಳಿಗೂ, ಪಕ್ಷ ಯಾವ ನೀತಿ ಕಾರ್ಯಕ್ರಮಗಳನ್ನು ಮುಂದಿಟ್ಟು ಜನರ ಬಳಿ ಹೋಗಿತ್ತೋ ಅವುಗಳಿಗೆ ಸಂಬಂಧಿಸಿದ ಮತಗಳಿಗೂ ಸೀಮಿತಗೊಳಿಸುವುದು ಲೇಸೆಂಬ ಮಾತನ್ನೂ ಆಡಿತು. ಪಕ್ಷಗಳು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿಲ್ಲ.

ಇನ್ನೊಂದು ಸಣ್ಣ ವಾಕ್ಯ ಅನುಸೂಚಿಯಲ್ಲಿದೆ, ಅದನ್ನು ಹೆಚ್ಚಿನ ಓದುಗರು ಗಮನಿಸುವುದಿಲ್ಲ. ವಿಪ್ ಮೀರಿದ ಸದಸ್ಯರನ್ನು ಪಕ್ಷವು 15 ದಿನಗಳೊಳಗೆ ಕ್ಷಮಿಸಿಬಿಟ್ಟರೆ ಅನರ್ಹತೆ ಬರುವುದಿಲ್ಲ. ಹೀಗಾಗಿ ಒಂದೇ ತಪ್ಪಿಗೆ ಒಬ್ಬರಿಗೆ ಶಿಕ್ಷೆ, ಇನ್ನೊಬ್ಬರಿಗೆ ಮಾಫಿ ಸಾಧ್ಯ. ಕಾನೂನು ಪಕ್ಷದ ಕೈಗೆ ಕೋಲು ಕೊಟ್ಟಿದೆ. ಯಾರ ಬೆನ್ನ ಮೇಲೆ ಅದು ಬೀಳಬೇಕೆಂದು ನಿರ್ಧರಿಸುವವರು ನಾಯಕರು.

ನಾಲ್ಕನೆಯ ಹೆಜ್ಜೆ: ಶಾಸಕರ ಬೇರು ಎಲ್ಲಿದೆ ಎಂದು ಅಗೆದು ನೋಡಿ

ಕಾನೂನು ಎಲ್ಲ 224 ಮಂದಿಗೂ ಒಂದೇ ಆದರೂ ಅದರ ಭಯ ಎಲ್ಲರಿಗೂ ಒಂದೇ ಅಲ್ಲ. ಪಕ್ಷದ ಅಲೆಯಲ್ಲಿ ಗೆದ್ದು ಬಂದವರಿಗೆ ಪಕ್ಷವೇ ನೆಲ. ಆದರೆ ಸಕ್ಕರೆ ಕಾರ್ಖಾನೆ, ಜಿಲ್ಲಾ ಸಹಕಾರಿ ಬ್ಯಾಂಕು, ಪಿಕೆಪಿಎಸ್ ಎಂಬ ಊರಿನ ಕೃಷಿ ಪತ್ತಿನ ಸಹಕಾರಿ ಸೊಸೈಟಿಗಳು, ಶಿಕ್ಷಣ ಸಂಸ್ಥೆ, ಮನೆತನದ ಹೆಸರು, ಸಮಾಜದ ಬೆಂಬಲ ಇಷ್ಟೂ ಕೈಯಲ್ಲಿರುವ ಶಾಸಕರಿಗೆ ಪಕ್ಷ ಒಂದು ಛತ್ರಿ ಮಾತ್ರ. ಒಂದು ಹರಿದರೆ ಇನ್ನೊಂದು ಹಿಡಿಯಬಹುದು. ಇಂಥ ಬೇರುಗಳು ನಮ್ಮ ಭಾಗದಲ್ಲಿ ಎಷ್ಟು ಆಳವಾಗಿವೆ ಎಂಬುದಕ್ಕೆ ಮೂರು ಸಂದರ್ಭಗಳನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

2008ರ ಚುನಾವಣೆಯಲ್ಲಿ ಬಿಜೆಪಿ 110 ಸ್ಥಾನ ಗೆದ್ದಿತು. ಬಹುಮತಕ್ಕೆ ಬೇಕಾದದ್ದು 113. ಆಗ ಬೇರೆ ಪಕ್ಷಗಳ ಶಾಸಕರು ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಗೆ ನಿಂತರು. ‘ಆಪರೇಷನ್ ಕಮಲ’ ಎಂಬ ಹೆಸರು ಹುಟ್ಟಿದ್ದು ಆಗ. ಡಿಸೆಂಬರಿನಲ್ಲಿ ಉಪಚುನಾವಣೆ ನಡೆದ ಎಂಟು ಕ್ಷೇತ್ರಗಳಲ್ಲಿ ಎರಡು ಬೆಳಗಾವಿ ಜಿಲ್ಲೆಯವು, ಹುಕ್ಕೇರಿ ಮತ್ತು ಅರಭಾವಿ. ಜೆಡಿಎಸ್‌ನಿಂದ ಗೆದ್ದಿದ್ದ ಉಮೇಶ ಕತ್ತಿ ಮತ್ತು ಬಾಲಚಂದ್ರ ಜಾರಕಿಹೊಳಿ ಕೆಲವೇ ತಿಂಗಳುಗಳಲ್ಲಿ ಅದೇ ಮತದಾರರಿಂದ ಬಿಜೆಪಿ ಅಭ್ಯರ್ಥಿಗಳಾಗಿ ಮತ್ತೆ ಗೆದ್ದರು. ವಿಪ್ ಮೀರಿ ಮತ ಹಾಕುವುದಕ್ಕೆ ಕಾನೂನಿನ ತಡೆಯಿದೆ. ರಾಜೀನಾಮೆ ಕೊಟ್ಟು ಜನರ ಮುಂದೆ ಹೋಗುವುದಕ್ಕೆ ತಡೆಯಿಲ್ಲ. ಗೆಲ್ಲುವ ಧೈರ್ಯ ಯಾರಿಗಿದೆಯೋ ಅವರಿಗೆ ಕಾನೂನಿನ ಗೋಡೆಯಲ್ಲಿ ಬಾಗಿಲಿದೆ.

ಎರಡನೆಯದು 2010ರದು. ಮುಖ್ಯಮಂತ್ರಿ ಯಡಿಯೂರಪ್ಪನವರ ನಾಯಕತ್ವದಲ್ಲಿ ತಮಗೆ ವಿಶ್ವಾಸವಿಲ್ಲವೆಂದು ಬಿಜೆಪಿಯ 11 ಶಾಸಕರೂ ಜೊತೆಗೆ ಕೆಲವು ಪಕ್ಷೇತರರೂ ರಾಜ್ಯಪಾಲರಿಗೆ ಪತ್ರ ಕೊಟ್ಟರು. ವಿಶ್ವಾಸಮತಕ್ಕೆ ಮೊದಲೇ ಸ್ಪೀಕರ್ ಕೆ.ಜಿ. ಬೋಪಯ್ಯ ಆ 11 ಮಂದಿಯನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 14ರಂದು ಸರ್ಕಾರ 106–100ರಿಂದ ಗೆದ್ದಿತು. ಮರುವರ್ಷ ಮೇ 13ರಂದು ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ರದ್ದು ಮಾಡಿತು. ಕಾನೂನು ಪುಸ್ತಕಗಳಲ್ಲಿ ಆ ಪ್ರಕರಣಕ್ಕಿರುವ ಹೆಸರು ಅರಭಾವಿ ಶಾಸಕರದೇ. ಪಕ್ಷವನ್ನಲ್ಲ, ನಾಯಕರನ್ನು ಮಾತ್ರ ವಿರೋಧಿಸಿದ್ದೇವೆ ಎಂಬುದು ಶಾಸಕರ ವಾದವಾಗಿತ್ತು. ಸ್ಪೀಕರ್ ಸಾಕಷ್ಟು ಸಮಯ ಕೊಡದೆ ಆತುರದಿಂದ ನಡೆದುಕೊಂಡರೆಂಬುದು ನ್ಯಾಯಾಲಯದ ಮುಖ್ಯ ಆಕ್ಷೇಪವಾಗಿತ್ತು. ಪಕ್ಷನಿಷ್ಠೆ ಬೇರೆ, ನಾಯಕನಿಷ್ಠೆ ಬೇರೆ ಎಂದು ಓದುಗರು ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರನೆಯದು ಎಲ್ಲರ ನೆನಪಿನಲ್ಲಿರುವ 2019ರ ಜುಲೈ. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಮುಂಬೈ ಸೇರಿದರು. ಅವರಲ್ಲಿ ಗೋಕಾಕದ ರಮೇಶ ಜಾರಕಿಹೊಳಿ, ಅಥಣಿಯ ಮಹೇಶ ಕುಮಠಳ್ಳಿ ಇದ್ದರು. ಕಾಗವಾಡದ ಶ್ರೀಮಂತ ಪಾಟೀಲರು ರಾಜೀನಾಮೆ ಕೊಟ್ಟಿರಲಿಲ್ಲ. ವಿಶ್ವಾಸಮತದ ಚರ್ಚೆ ನಡೆಯುವಾಗ ಅವರು ಮುಂಬೈಯ ಆಸ್ಪತ್ರೆಯಲ್ಲಿದ್ದರು. ಜುಲೈ 17ರಂದು ಸುಪ್ರೀಂ ಕೋರ್ಟು, ತನ್ನ ಮುಂದೆ ಬಂದಿದ್ದ 15 ಶಾಸಕರನ್ನು ಸದನದ ಕಲಾಪದಲ್ಲಿ ಭಾಗವಹಿಸುವಂತೆ ಒತ್ತಾಯಿಸಬಾರದೆಂಬ ಮಧ್ಯಂತರ ಆದೇಶ ಕೊಟ್ಟಿತು. ಹಾಗಾದರೆ ವಿಪ್‌ಗೆ ಏನು ಬೆಲೆ ಎಂಬ ಚರ್ಚೆ ಸದನದಲ್ಲಿ ದಿನಗಟ್ಟಲೆ ನಡೆಯಿತು. 23ರಂದು ತಲೆ ಎಣಿಕೆಯಾದಾಗ ಪರ 99, ವಿರುದ್ಧ 105. ಬಿದ್ದ ಮತಗಳು ಒಟ್ಟು 204, ಅದರ ಬಹುಮತ 103. ಈ ಲೆಕ್ಕವನ್ನು ಒಂದು ಕ್ಷಣ ನಿಂತು ನೋಡಬೇಕು: ವಿಶ್ವಾಸಮತದಲ್ಲಿ ವಿರುದ್ಧ ಮತ ಹಾಕುವವರಷ್ಟೇ ಸರ್ಕಾರ ಬೀಳಿಸುವುದಿಲ್ಲ, ಬಾರದೆ ಉಳಿದವರೂ ಬೀಳಿಸುತ್ತಾರೆ.

ಆಮೇಲೆ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದೆಂದರು. ಶ್ರೀಮಂತ ಪಾಟೀಲರ ಹೆಸರಿನಿಂದಲೇ ಗುರುತಿಸಲಾಗುವ 2019ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಉಳಿಸಿಕೊಂಡಿತು, ಸ್ಪರ್ಧೆಯ ಮೇಲಿನ ತಡೆಯನ್ನು ತೆಗೆದುಹಾಕಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಹಿಂದೆ ಮಾಡಿದ ಪಕ್ಷಾಂತರದ ತಪ್ಪು ತೊಳೆದುಹೋಗುವುದಿಲ್ಲ ಎಂದೂ ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಗೋಕಾಕ, ಅಥಣಿ, ಕಾಗವಾಡ ಮೂರರಲ್ಲೂ ಅದೇ ಮುಖಗಳು ಹೊಸ ಪಕ್ಷವಾದ ಬಿಜೆಪಿಯಿಂದ ಗೆದ್ದು ಬಂದವು. ರಮೇಶ ಜಾರಕಿಹೊಳಿ ಮತ್ತು ಶ್ರೀಮಂತ ಪಾಟೀಲ ಮಂತ್ರಿಗಳಾದರು. ಕುಮಠಳ್ಳಿಯವರಿಗೆ ಸಂಪುಟದಲ್ಲಿ ಸ್ಥಾನ ಸಿಗಲಿಲ್ಲ.

ಆದ್ದರಿಂದ ನಿಮ್ಮ ಶಾಸಕರು ಪಕ್ಷದ ಮಾತು ಮೀರಬಲ್ಲರೇ ಎಂದು ಅಂದಾಜು ಮಾಡುವಾಗ ಅವರ ಭಾಷಣ ಬೇಡ, ಒಂದು ಪ್ರಶ್ನೆ ಸಾಕು: ಪಕ್ಷದ ಚಿಹ್ನೆ ಇಲ್ಲದೆ ನಿಂತರೆ ಅವರಿಗೆ ಎಷ್ಟು ಮತ ಬೀಳುತ್ತದೆ? ಹಿಂದಿನ ಚುನಾವಣೆಗಳ ಕ್ಷೇತ್ರವಾರು ಅಂಕಿಗಳನ್ನು ಚುನಾವಣಾ ಆಯೋಗವೇ ಪ್ರಕಟಿಸುತ್ತದೆ. ಪಕ್ಷ ಬದಲಾದಾಗ ಅವರ ಮತ ಎಷ್ಟು ಅವರೊಂದಿಗೆ ಹೋಯಿತು, ಎಷ್ಟು ಹಳೆಯ ಪಕ್ಷದಲ್ಲೇ ಉಳಿಯಿತು ಎಂದು ಕೂಡಿ ಕಳೆದು ನೋಡಿ.

ಐದನೆಯ ಹೆಜ್ಜೆ: ನಾಯಕರ ಕೈಯಲ್ಲಿ ಏನಿದೆ ಎಂದು ಪಟ್ಟಿ ಮಾಡಿ

ಕಾನೂನಿಗಿಂತ ಹೆಚ್ಚು ಕೆಲಸ ಮಾಡುವುದು ಬಿ ಫಾರ್ಮ್, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ. ಯಾರಿಗೆ ಟಿಕೆಟ್ ಎಂದು ಕ್ಷೇತ್ರದ ಕಾರ್ಯಕರ್ತರು ಮತ ಹಾಕಿ ತೀರ್ಮಾನಿಸುವ ಪದ್ಧತಿ ನಮ್ಮ ಪಕ್ಷಗಳಲ್ಲಿ ಇಲ್ಲ. ಅದು ಮೇಲಿನಿಂದ ಇಳಿದು ಬರುತ್ತದೆ. ಅಥಣಿಯ ಕಥೆ ಇಲ್ಲಿಯೂ ಮುಂದುವರಿಯುತ್ತದೆ. 2018ರಲ್ಲಿ ಕುಮಠಳ್ಳಿಯವರ ಎದುರು ಸೋತಿದ್ದ ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಪಕ್ಷ 2019ರಲ್ಲಿ ಉಪಮುಖ್ಯಮಂತ್ರಿ ಮಾಡಿತು. ಆದರೆ 2023ರಲ್ಲಿ ಟಿಕೆಟ್ ಸಿಕ್ಕಿದ್ದು ಕುಮಠಳ್ಳಿಯವರಿಗೆ. ಸವದಿ ವಿಧಾನ ಪರಿಷತ್ತಿನ ಸ್ಥಾನ ಬಿಟ್ಟು ಕಾಂಗ್ರೆಸ್ ಸೇರಿ, ಅದೇ ಅಥಣಿಯಲ್ಲಿ ಗೆದ್ದರು. ಪದವಿಯೂ ಹಿಡಿದಿಡಲಾರದ್ದನ್ನು ಟಿಕೆಟ್ ಹಿಡಿದಿಡುತ್ತದೆ, ಟಿಕೆಟ್ ತಪ್ಪಿದರೆ ಪದವಿಯೂ ಉಳಿಸಲಾರದು.

ಮೇಲಿನವರ ಮಾತು ರಾಜ್ಯ ಘಟಕದ ಮಾತನ್ನೂ ಮೀರುವುದುಂಟು. 2020ರ ಜೂನ್‌ನಲ್ಲಿ ರಾಜ್ಯಸಭೆಗೆ ಪ್ರಭಾಕರ ಕೋರೆ, ರಮೇಶ ಕತ್ತಿ ಮುಂತಾದವರ ಹೆಸರನ್ನು ರಾಜ್ಯ ಬಿಜೆಪಿ ಕಳಿಸಿತ್ತು. ದೆಹಲಿಯಿಂದ ಬಂದ ಪಟ್ಟಿಯಲ್ಲಿ ಇದ್ದದ್ದು ಬೆಳಗಾವಿ ಜಿಲ್ಲೆಯವರೇ ಆದ ಈರಣ್ಣ ಕಡಾಡಿ ಮತ್ತು ರಾಯಚೂರಿನ ಅಶೋಕ ಗಸ್ತಿ. ಅವಿರೋಧ ಆಯ್ಕೆಯಾದ್ದರಿಂದ ಶಾಸಕರು ಮತ ಹಾಕುವ ಪ್ರಸಂಗವೇ ಬರಲಿಲ್ಲ.

ಮಂತ್ರಿ ಪದವಿ ಇನ್ನೊಂದು ಬಲೆ. 91ನೆಯ ತಿದ್ದುಪಡಿಯ ಪ್ರಕಾರ ಸಂಪುಟದ ಗಾತ್ರ ಸದನದ ಶೇಕಡಾ 15ನ್ನು ಮೀರಬಾರದು. ನಮ್ಮಲ್ಲಿ ಮುಖ್ಯಮಂತ್ರಿಯೂ ಸೇರಿ 34. ಆಳುವ ಪಕ್ಷದ ಉಳಿದ ಶಾಸಕರಲ್ಲಿ ಕೆಲವರಿಗೆ ನಿಗಮ ಮಂಡಳಿ ಸಿಗುತ್ತದೆ, ಮಿಕ್ಕವರಿಗೆ ಮುಂದಿನ ವಿಸ್ತರಣೆಯ ನಿರೀಕ್ಷೆ. ಕೊಟ್ಟ ಪದವಿಗಿಂತ ಕೊಡಬಹುದಾದ ಪದವಿ ಹೆಚ್ಚು ವಿಧೇಯತೆ ತರುತ್ತದೆ ಎಂಬುದು ನನ್ನ ಅನಿಸಿಕೆ.

ಅನುದಾನದ ಮಾತನ್ನೂ ಮರೆಯಬಾರದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಲ್ಲಿ ಸಮುದಾಯ ಭವನ, ಸಿಸಿ ರಸ್ತೆ ಆಗಬಹುದು. ತುಬಚಿ–ಬಬಲೇಶ್ವರದಂಥ ಏತ ನೀರಾವರಿಗೆ ಸಾವಿರಾರು ಕೋಟಿ ಬೇಕು, ಅದರ ಕೀಲಿ ಇರುವುದು ಮುಖ್ಯಮಂತ್ರಿ ಮತ್ತು ಜಲಸಂಪನ್ಮೂಲ ಸಚಿವರ ಬಳಿ. ಕೃಷ್ಣಾ ಮೇಲ್ದಂಡೆ ಮೂರನೆಯ ಹಂತದಲ್ಲಿ ಆಲಮಟ್ಟಿಯ ಎತ್ತರ 519.60ರಿಂದ 524.256 ಮೀಟರಿಗೆ ಏರುವಾಗ ಮುಳುಗುವ ಊರುಗಳ ಪರಿಹಾರಕ್ಕಾಗಿ ಬೀಳಗಿ, ಬಾಗಲಕೋಟೆ ಕಡೆಯ ಯಾವುದೇ ಪಕ್ಷದ ಶಾಸಕರು ಮಾತಾಡಲೇಬೇಕು. ಆದರೆ ಮಾತಾಡುವವರು ಆಳುವ ಪಕ್ಷದವರಾಗಿದ್ದರೆ ದನಿ ತಗ್ಗುತ್ತದೆ, ವಿರೋಧ ಪಕ್ಷಕ್ಕೆ ಹೋದರೆ ಅದೇ ದನಿ ಏರುತ್ತದೆ. ಒಬ್ಬರೇ ವ್ಯಕ್ತಿ ಎರಡು ಅವಧಿಗಳಲ್ಲಿ ಒಂದೇ ವಿಷಯದ ಮೇಲೆ ಆಡಿದ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಈ ಏರಿಳಿತ ಸ್ಪಷ್ಟವಾಗುತ್ತದೆ.

ಆರನೆಯ ಹೆಜ್ಜೆ: ವಿಪ್ ಮುಟ್ಟದ ಮತಗಳನ್ನು ಬೇರೆಯಾಗಿ ಇಡಿ

ಎಲ್ಲ ಮತಗಳೂ ಹತ್ತನೆಯ ಅನುಸೂಚಿಯ ಕೈಗೆ ಸಿಗುವುದಿಲ್ಲ. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ತಾವು ಗುರುತು ಮಾಡಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಪೆಟ್ಟಿಗೆಗೆ ಹಾಕಬೇಕು. 2003ರಿಂದ ಈ ಬಹಿರಂಗ ಪದ್ಧತಿಯಿದೆ, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿದೆ. ಅಡ್ಡ ಮತ ಹಾಕಿದರೆ ಪಕ್ಷಕ್ಕೆ ಗೊತ್ತಾಗುತ್ತದೆ, ಆದರೆ ಸ್ಥಾನ ಹೋಗುವುದಿಲ್ಲ. 2024ರ ಫೆಬ್ರುವರಿ 27ರಂದು, ಬಾಗಲಕೋಟೆಯ ನಾರಾಯಣಸಾ ಭಾಂಡಗೆ ಬಿಜೆಪಿಯಿಂದ ಆಯ್ಕೆಯಾದ ಅದೇ ಚುನಾವಣೆಯಲ್ಲಿ, ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು, ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತ ಹಾಕಲು ಬರಲೇ ಇಲ್ಲ. ಪಕ್ಷ ಅವರಿಬ್ಬರನ್ನೂ ಉಚ್ಚಾಟಿಸಿದ್ದು 2025ರ ಮೇ ತಿಂಗಳಲ್ಲಿ. ವಿಧಾನಸಭೆಯಿಂದ ವಿಧಾನ ಪರಿಷತ್ತಿಗೆ ನಡೆಯುವ ಆಯ್ಕೆಯಲ್ಲಂತೂ ಮತ ಗುಪ್ತ. ಯಾರು ಕೈಕೊಟ್ಟರೆಂದು ಲೆಕ್ಕ ಹಾಕಬಹುದು, ಕೈ ಹಿಡಿದು ತೋರಿಸಲಾಗದು.

ರಾಷ್ಟ್ರಪತಿ ಚುನಾವಣೆಯಲ್ಲಿಯೂ ವಿಪ್ ಇಲ್ಲ, ಮತ ಗುಪ್ತ; ಕರ್ನಾಟಕದ ಶಾಸಕರ ಒಂದು ಮತದ ಮೌಲ್ಯ 131. ‘ಆತ್ಮಸಾಕ್ಷಿಯ ಮತ’ ಎಂಬ ಮಾತು ರಾಜಕೀಯದಲ್ಲಿ ಗಟ್ಟಿಯಾಗಿ ನಿಂತದ್ದು ಇಂಥ ಚುನಾವಣೆಯಿಂದಲೇ. 1969ರಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರಿಗೇ ಮತ ಹಾಕಬೇಕೆಂದು ಕಟ್ಟು ಹಾಕದೆ, ಆತ್ಮಸಾಕ್ಷಿಯಂತೆ ನಡೆಯಿರಿ ಎಂದರು ಇಂದಿರಾ ಗಾಂಧಿ, ಗೆದ್ದವರು ವಿ.ವಿ. ಗಿರಿ. ಆಗ ಪಕ್ಷದ ಅಧ್ಯಕ್ಷರಾಗಿದ್ದವರು 1962ರಲ್ಲಿ ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾಗಿ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು. ಆ ಮತದ ಬೆನ್ನಿಗೇ ಕಾಂಗ್ರೆಸ್ ಒಡೆಯಿತು. ಆತ್ಮಸಾಕ್ಷಿ ಎಂಬ ಮಾತನ್ನು ನಾಯಕರು ಆಡಿದಾಗಲೂ ಅದರ ಹಿಂದೆ ನಾಯಕತ್ವದ ಜಗಳ ಇದೆಯೇ ಎಂದು ನೋಡುವುದು ಒಳ್ಳೆಯದು.

ಹಣ ಪಡೆದು ಮತ ಹಾಕಿದರೆ? ಸದನದೊಳಗಿನ ಮತಕ್ಕೆ ಲಂಚ ಪಡೆದವರಿಗೂ ಶಾಸನಸಭೆಯ ಹಕ್ಕುಬಾಧ್ಯತೆಯ ರಕ್ಷಣೆ ಇದೆ ಎಂಬ 1998ರ ತೀರ್ಪನ್ನು 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದೆ. ರಾಜ್ಯಸಭಾ ಚುನಾವಣೆಯ ಮತಕ್ಕೂ ಇದು ಅನ್ವಯ.

ಏಳನೆಯ ಹೆಜ್ಜೆ: ಮತಕ್ಕೆ ಮೊದಲೇ ಕೇಳಿ

ತೀರ್ಮಾನ ಸದನಕ್ಕೆ ಮೊದಲೇ ಆಗುವುದಾದರೆ ನಮ್ಮ ಪ್ರಶ್ನೆಯೂ ಮೊದಲೇ ಹೋಗಬೇಕು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಕಚೇರಿಗೆ ಹೋಗಿ, ಬರಲಿರುವ ಇಂಥ ಮಸೂದೆಯ ಬಗ್ಗೆ ಶಾಸಕಾಂಗ ಪಕ್ಷದ ಸಭೆಯಲ್ಲಿ ತಾವು ಏನು ಹೇಳುವಿರಿ ಎಂದು ಬರವಣಿಗೆಯಲ್ಲಿ ಕೇಳಬಹುದು. ಸದನದಲ್ಲಿ ಹೇಗೆ ಮತ ಹಾಕುವಿರಿ ಎಂದು ಕೇಳಿದರೆ ಸಿಗುವ ಉತ್ತರ ಪಕ್ಷದ್ದು. ಸಭೆಯಲ್ಲಿ ಏನು ಹೇಳುವಿರಿ ಎಂದು ಕೇಳಿದರೆ ಅವರದೇ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಆ ಬಾಗಿಲು ಮುಚ್ಚಿದ ಸಭೆಯಲ್ಲಿ ವಿಪ್ ಭಯವಿಲ್ಲ. ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಶೂನ್ಯವೇಳೆ, ಸದನ ಸಮಿತಿಗಳ ಕೆಲಸ, ಮಸೂದೆಗೆ ಸೂಚಿಸಿದ ತಿದ್ದುಪಡಿ ಇವುಗಳಲ್ಲಿಯೂ ಶಾಸಕರಿಗೆ ಉಸಿರಾಡುವ ಜಾಗವಿದೆ. ಪ್ರಶ್ನೋತ್ತರಗಳೂ ನಡವಳಿಗಳೂ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಐದು ವರ್ಷ ಪಕ್ಷದ ಸಾಲಿನಲ್ಲೇ ಮತ ಹಾಕಿದ ಶಾಸಕರೊಬ್ಬರು ತಮ್ಮದೇ ಸರ್ಕಾರದ ಸಚಿವರಿಗೆ ಕಬ್ಬಿನ ಬಾಕಿ ಬಿಲ್ಲಿನ ಬಗ್ಗೆ ಎಷ್ಟು ಸಲ ಪ್ರಶ್ನೆ ಹಾಕಿದರು ಎಂದು ಎಣಿಸಿದರೆ, ಅವರ ನಿಷ್ಠೆ ಯಾವ ತೂಕದ್ದೆಂದು ಮತಪಟ್ಟಿಗಿಂತ ಚೆನ್ನಾಗಿ ತಿಳಿಯುತ್ತದೆ.

ಕೊನೆಯ ಹೆಜ್ಜೆ: ಮತ ಮುಗಿದ ಮೇಲೆ ದಿನ ಎಣಿಸಿ

ವಿಪ್ ಉಲ್ಲಂಘನೆಯಾಗಿದೆ ಎಂಬ ಸುದ್ದಿ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹದಿನೈದು ದಿನ ಎಣಿಸಿ. ಅಷ್ಟರಲ್ಲಿ ಪಕ್ಷ ಕ್ಷಮಿಸಿತೇ, ನೋಟಿಸು ಕೊಟ್ಟಿತೇ, ಸುಮ್ಮನಿದ್ದಿತೇ ಎಂದು ನೋಡಿ. ನಂತರದ ಪ್ರಶ್ನೆ ಸ್ಪೀಕರ್ ಮುಂದೆ ಅರ್ಜಿ ಬಿದ್ದಿದೆಯೇ ಎಂಬುದು. ಅರ್ಜಿಯ ಬದಲು ಪಕ್ಷ ಉಚ್ಚಾಟನೆಯ ದಾರಿ ಹಿಡಿದರೆ ಲೆಕ್ಕವೇ ಬೇರೆಯಾಗುತ್ತದೆ. 2025ರ ಮಾರ್ಚ್ 26ರಂದು ಬಿಜೆಪಿ ವಿಜಯಪುರ ನಗರದ ಬಸನಗೌಡ ಪಾಟೀಲ ಯತ್ನಾಳರನ್ನು ಆರು ವರ್ಷ ಉಚ್ಚಾಟಿಸಿದರೂ ಶಾಸಕ ಸ್ಥಾನ ಹೋಗಲಿಲ್ಲ, ಏಕೆಂದರೆ ಉಚ್ಚಾಟನೆ ಅನರ್ಹತೆಯಲ್ಲ. ಆದರೆ ಉಚ್ಚಾಟಿತರು ಇನ್ನೊಂದು ಪಕ್ಷ ಸೇರಿದರೆ ಅನರ್ಹತೆ ಬರುತ್ತದೆ. 1996ರ ತೀರ್ಪಿನ ಪ್ರಕಾರ ಅವರನ್ನು ಚುನಾವಣೆಗೆ ನಿಲ್ಲಿಸಿದ ಪಕ್ಷದವರೆಂದೇ ಕಾನೂನು ಎಣಿಸುತ್ತದೆ.

ಅರ್ಜಿ ಬಿದ್ದಿದ್ದರೆ ಆ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಸ್ಪೀಕರ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು 2020ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜುಲೈ 31ರಂದು ತೆಲಂಗಾಣದ ಸ್ಪೀಕರಿಗೆ ಅಷ್ಟೇ ಗಡುವು ಕೊಟ್ಟಿತು. 2010ರಲ್ಲಿ ನಮ್ಮ ಸ್ಪೀಕರಿಗೆ ಅದೇ ಕೆಲಸಕ್ಕೆ ಕೆಲವೇ ದಿನ ಸಾಕಾಗಿತ್ತು.